ಮದುವೆ ಸೀಡಿಗಾಗಿ ಕಂಪ್ಯೂಟರನ್ನು ಓಡಿಸಿದ್ದು

ಯಂತ್ರ ಎಂದರೆ ನನಗೆ ಹೆದರಿಕೆ ಇಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಮೂವತ್ತೈದು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಾನು. ಗಂಡ ತೀರಿಕೊಂಡಾಗ ಓಣಿಯವರು, ‘ಗಂಗವ್ವ ಇನ್ನು ಗಿರಣಿ ಮಾರುತ್ತಾಳೆ’ ಎಂದರು. ಮಾರಲಿಲ್ಲ. ಮೋಟಾರಿನ ಪುಲ್ಲಿ ಬದಲಿಸಿ, ತಾಸಿಗೆ ಎರಡು ಚೀಲ ಬೀಸುತ್ತಿದ್ದ ಕಲ್ಲು ಮೂರು ಚೀಲ ಬೀಸುವಂತೆ ಮಾಡಿದೆ. ಮೋಟಾರಿನ ಪುಲ್ಲಿ ದೊಡ್ಡದಾದರೆ ಕಲ್ಲು ಜೋರಾಗಿ ತಿರುಗುತ್ತದೆ. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಬರೀ ಸಪ್ಪಳ.

ಆದ್ದರಿಂದ ಕಂಪ್ಯೂಟರಿನ ಓಟವನ್ನೂ ಹೆಚ್ಚಿಸಬಹುದು ಎಂದು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು!

ಆಗ ಮದುವೆಗಳೆಲ್ಲ ಕ್ಯಾಸೆಟ್ಟಿನಿಂದ ಇಳಿದು ಸೀಡಿಗೆ ಹತ್ತುತ್ತಿದ್ದ ಕಾಲ. ನನ್ನ ಮಗ ಈರಣ್ಣ ಕ್ಯಾಮೆರಾ ಹೊತ್ತುಕೊಂಡು ಊರೂರಿನ ಮದುವೆಗೆ ಹೋಗುತ್ತಿದ್ದ. ಅವನು ಹಿಡಿದು ತಂದದ್ದನ್ನು ಸೊಸೆ ಶೈಲಾ ಗಿರಣಿಯ ಪಕ್ಕದ ಕೋಣೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಳು. ಮದುಮಗನನ್ನು ಕಮಲದ ಹೂವಿನಲ್ಲಿ ಕೂಡಿಸುವಳು. ಮದುಮಗಳನ್ನು ಚಂದ್ರನಲ್ಲಿ ಕೂಡಿಸುವಳು. ಇಬ್ಬರನ್ನೂ ಗಿರಗಿರ ತಿರುಗಿಸುವಳು. ಇಷ್ಟೆಲ್ಲ ಆದ ಮೇಲೆ ಒಂದು ಗುಂಡಿ ಒತ್ತಿದರೆ, ಕಂಪ್ಯೂಟರು ಅದನ್ನೆಲ್ಲ ಒಂದು ಮಾಡಿ ಹದಕ್ಕೆ ತರಲು ಕೂರುತ್ತಿತ್ತು. ಅದಕ್ಕೆ ಶೈಲಾ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ. ನಾನು ‘ಬೇಯುವುದು’ ಎನ್ನುತ್ತೇನೆ. ಒಮ್ಮೆ ಬೇಯಲು ಇಟ್ಟರೆ ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ಮತ್ತೆ ಮೊದಲಿನಿಂದ.

ಸಂಗೊಳ್ಳಿಯ ಮಲ್ಲೇಶನ ಮದುವೆ ಬೇಯಲು ಏಳು ತಾಸು ಬೇಕಿತ್ತು.

ಕರೆಂಟು ಇರುತ್ತಿದ್ದದ್ದು ಆರು ತಾಸು.

ಬೆಳಿಗ್ಗೆ ಆರಕ್ಕೆ ಬಂದರೆ ಹನ್ನೆರಡಕ್ಕೆ ಗಡಿಯಾರ ನೋಡಿಕೊಂಡು ಹೋಗುತ್ತಿತ್ತು. ಸಂಜೆ ಮತ್ತೆ ಬರುತ್ತಿತ್ತು ನಿಜ. ಆದರೆ ಅದು ಕರೆಂಟಲ್ಲ, ಕರೆಂಟಿನ ನೆನಪು. ಬಲ್ಬು ಬೀಡಿಯ ತುದಿಯಂತೆ ಕೆಂಪಗೆ ಉರಿಯುತ್ತಿತ್ತು. ಅದರಲ್ಲಿ ಗಿರಣಿಯೂ ತಿರುಗುತ್ತಿರಲಿಲ್ಲ, ಕಂಪ್ಯೂಟರೂ ಏಳುತ್ತಿರಲಿಲ್ಲ. ಯುಪಿಎಸ್ ಎಂಬ ಪೆಟ್ಟಿಗೆ ಇತ್ತು. ಅದರ ಬ್ಯಾಟರಿ ಇಪ್ಪತ್ತು ನಿಮಿಷ ಕುಂಯ್ ಕುಂಯ್ ಎಂದು ಅತ್ತು ಕಣ್ಣು ಮುಚ್ಚುತ್ತಿತ್ತು.

ಭಾನುವಾರ ಶೈಲಾ ಮದುವೆಯನ್ನು ಬೇಯಲು ಇಟ್ಟಳು. ಆರು ತಾಸು ಆಯಿತು. ದೇವರಿಗೆ ಹೋದದ್ದು, ಅರಿಷಿಣ ಹಚ್ಚಿದ್ದು, ಬೀಗರು ಬಂದದ್ದು ಎಲ್ಲ ಮುಗಿದು, ಇನ್ನೇನು ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳಬೇಕು, ಕರೆಂಟು ಹೋಯಿತು! ಸೋಮವಾರವೂ ಹಾಗೇ. ಅಕ್ಕಿಕಾಳು ಕೈಯಲ್ಲೇ ಉಳಿಯಿತು. ಎರಡು ದಿನದಲ್ಲಿ ಒಬ್ಬನದೇ ಮದುವೆ ಎರಡು ಸಲ ಮುರಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅದೇ ಹೊತ್ತಿಗೆ ಮಲ್ಲೇಶ ಬಂದ. ಅವನು ಸೈನ್ಯದಲ್ಲಿ ಇದ್ದ. ರಜೆಯ ಮೇಲೆ ಬಂದು ಮದುವೆಯಾಗಿದ್ದ. ನಾನೂ ಹೋಗಿ ಉಂಡು ಬಂದಿದ್ದೆ.

“ಆಯಿ, ಗುರುವಾರ ಸಂಜೀ ನಾಕರ ಬಸ್ಸಿಗೆ ಹೊಂಟೇನ್ರಿ. ಸೀಡಿ ಕೊಟ್ರ ಒಯ್ತಿದ್ದೆ.”

“ಹೋಗಿಂದ ಕಳಸಿದ್ರ ನಡ್ಯಂಗಿಲ್ಲೇನೋ?”

“ನಮ್ಮ ಠಾಣ್ಯಾಕ ಟಪಾಲು ಬರೂದು ದೇವರ ಮನಸಿಗೆ ಬಂದಾಗ್ರಿ. ಮತ್ತ ನನ್ನ ಮದವಿ ನಾನs ನೋಡಿಲ್ರಿ ಆಯಿ. ಮಾರಿ ತುಂಬ ಬಾಸಿಂಗದ ಹೂವಿನ ಮಾಲಿ. ಐನೋರು ಎಡಕ್ಕ ಹೊಳ್ಳಂದ್ರ ಎಡಕ್ಕ ಹೊಳ್ಳಿದೆ, ಬಲಕ್ಕ ಹೊಳ್ಳಂದ್ರ ಬಲಕ್ಕ. ಕವಾಯತ್ ಮಾಡಿಧಂಗ ಆತು. ಯಾರ ಬಂದ್ರು, ಯಾರ ಅಕ್ಕಿಕಾಳು ಒಗದ್ರು, ಒಂದೂ ಕಂಡಿಲ್ಲ.”

ಅವನ ಮುಖ ನೋಡಿ ನಾನು ಮಾತು ಕೊಟ್ಟುಬಿಟ್ಟೆ.

“ಗುರುವಾರ ಮಧ್ಯಾಹ್ನ ಬಾ. ನಿನ್ನ ಕೈಯಾಗ ಸೀಡಿ ಇಡದಿದ್ರ ನಾ ಗಿರಣಿ ಗಂಗವ್ವನs ಅಲ್ಲ.”

ಶೈಲಾ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ನಾನು ನೋಡಲಿಲ್ಲ. ನಿಜ ಹೇಳಬೇಕೆಂದರೆ, ನೋಡಿದೆ.

ಅವನು ಹೋದ ಮೇಲೆ ಶೈಲಾ ಅಂದಳು: “ಅತ್ತೀ, ಎರಡ ತುಂಡ ಮಾಡಿ ಎರಡ ಸೀಡಿ ಮಾಡೂಣ್ರಿ. ಒಂದೊಂದಕ್ಕ ಮೂರೂವರಿ ತಾಸು ಸಾಕು.”

“ಮದವೀ ತುಂಡ ಮಾಡ್ತೀ?”

“ಮದವೀ ಅಲ್ರಿ, ಸೀಡಿ.”

“ಮುತ್ತೈದೇರು ಮಾಡಿದ ಮಂಗಳಕಾರ್ಯಾನ ನಡುಕ ಕತ್ತರಸಾಕ ನಮ್ಮ ಕೈಲೆ ಆಗಂಗಿಲ್ಲ. ನಾಳೆ ಆ ಹುಡುಗಿಗೆ ನೆಗಡಿ ಬಂದ್ರೂ ಗಂಗವ್ವ ಮದವೀ ಕಡದ್ಲು ಅಂತಾರ!”

ನನ್ನ ಬುದ್ಧಿವಂತಿಕೆಯ ಮುಂದೆ ಸೊಸೆ ಕೈಚೆಲ್ಲಿ ಒಳಗೆ ನಡೆದಳು. ಆಗ ನಾನು ದಸ್ತಗೀರನನ್ನು ಕರೆಸಿದೆ.

ದಸ್ತಗೀರ ನಮ್ಮ ಎದುರಿನ ಅಂಗಡಿಯವನು. ರೇಡಿಯೋ, ಟೀವಿ, ಈಚೆಗೆ ಕಂಪ್ಯೂಟರು ರಿಪೇರಿ ಮಾಡುತ್ತಾನೆ. ನಲವತ್ತು ವರ್ಷದ ಮನುಷ್ಯ, ಆದರೆ ತೊಂಬತ್ತು ವರ್ಷದ ನಿಧಾನ. ಒಂದು ಸ್ಕ್ರೂ ಬಿಚ್ಚುವ ಮೊದಲು ಅದರ ಕ್ಷೇಮಸಮಾಚಾರ ಕೇಳುವಂಥವನು. ಸಂಗತಿ ಹೇಳಿದಾಗ ಗಡ್ಡ ಕೆರೆದುಕೊಂಡು, “ಇದರ ಓಟ ಒಂದೀಟು ಹೆಚ್ಚ ಮಾಡಬಹುದ್ರಿ ಆಯಿ. ಆದ್ರ ಭಾಳ ಅಲ್ಲ,” ಎಂದ. ನನ್ನ ಕಿವಿಗೆ ಮೊದಲನೆಯ ಮಾತು ಬಿತ್ತು. ಎರಡನೆಯದು ಹೊರಗೇ ಉಳಿಯಿತು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಬಂದ. ಕಂಪ್ಯೂಟರು ಏಳುವಾಗ ಒಂದು ಗುಂಡಿಯನ್ನು ಟಕ ಟಕ ಒತ್ತಿದರೆ ನೀಲಿ ಪರದೆ ಬರುತ್ತದೆ. ತುಂಬ ಇಂಗ್ಲಿಷು. ನಡುವೆ ಒಂದು ಅಂಕಿ: ನೂರು. ನನ್ನ ಓದು ಮೂರನೇ ಇಯತ್ತೆಗೆ ನಿಂತದ್ದು. ಆದರೆ ಕರೆಂಟಿನ ಮೀಟರು ನೋಡಿ ನೋಡಿ ಅಂಕಿ ಮಾತ್ರ ಯಾವ ಭಾಷೆಯಲ್ಲಿದ್ದರೂ ಓದುತ್ತೇನೆ.

“ಈ ನೂರು ಅಂದ್ರ ನಿಮ್ಮ ಮೋಟಾರ ಇದ್ದಂಗ್ರಿ ಆಯಿ. ಒಳಗಿನ ಚಿಪ್ಪು ನಿಮ್ಮ ಕಲ್ಲ ಇದ್ದಂಗ. ಮೋಟಾರ ಜೋರಾದ್ರ ಕಲ್ಲೂ ಜೋರು,” ಎಂದ ದಸ್ತಗೀರ.

ಅಲ್ಲಿಗೆ ಕೆಟ್ಟಿತು. ಅವನು ನನಗೆ ತಿಳಿಯುವಂತೆ ಹೇಳಬಾರದಿತ್ತು.

ಮೊದಲು ಶೈಲಾಳಿಂದ ಇದ್ದ ಅಂಕಿಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆಸಿದ. ಏನಾದರೂ ಆದರೆ ಹಳೆಯ ಜಾಗಕ್ಕೆ ಬರಲು ದಾರಿ ಇರಬೇಕಂತೆ. ಆಮೇಲೆ ನೂರನ್ನು ನೂರಾ ಮೂರು ಮಾಡಿದ. ಅರ್ಧ ತಾಸು ಕಂಪ್ಯೂಟರಿಗೆ ಭಾರದ ಕೆಲಸ ಹಚ್ಚಿ ಕಾಯ್ದ. ಒಳಗಿನ ಬಿಸಿ ನೋಡಿದ. ನೂರಾ ಆರು ಮಾಡಿದ. ಮತ್ತೆ ಅರ್ಧ ತಾಸು. ಮತ್ತೆ ಬಿಸಿ. ಜ್ವರ ಬಂದ ಕೂಸನ್ನು ನೋಡಿಕೊಳ್ಳುವಂತೆ!

“ಬಿಸಿ ಅರವತ್ತ ದಾಟಿದ್ರ ಸಾಕ ಮಾಡಬೇಕ್ರಿ. ಮತ್ತ ಕೆಳಗ ಐತಲ್ಲ ಈ ಅಂಕಿ, ಇದು ಚಿಪ್ಪಿಗೆ ಹೋಗೂ ಓಲ್ಟೇಜು. ಇದಕ್ಕ ಕೈ ಹಚ್ಚಬ್ಯಾಡ್ರಿ. ಹಚ್ಚಿದ್ರ ಚಿಪ್ಪು ಸುಟ್ಟು ಹೊಕ್ಕೈತಿ.”

ಓಲ್ಟೇಜಿಗೆ ನಾನು ಕೈ ಹಚ್ಚಲಿಲ್ಲ. ಆ ವಾರದಲ್ಲಿ ನಾನು ಕೇಳಿದ ಒಂದೇ ಮಾತು ಅದು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಹತ್ತು ಗಂಟೆಗೆ ನೂರಾ ಹನ್ನೆರಡಕ್ಕೆ ಬಂದು ನಿಂತ. ಬಿಸಿ ಐವತ್ತೆಂಟು.

“ಮುಗೀತ್ರಿ. ಇದರ ತಾಕತ್ತು ಇಷ್ಟs.”

“ಎಷ್ಟ ತಾಸಿನಾಗ ಬೇಯತೈತಿ?”

“ಆರ ತಾಸು ಹದಿನೈದ ಮಿನಿಟು.”

“ಕಾಲ ತಾಸು ಉಳೀತಲ್ಲೋ ಎಪ್ಪಾ!”

“ಉಳೀಲಿ ಬಿಡ್ರಿ. ಕರೆಂಟ್ ಹೋಗಿಂದ ಯುಪಿಎಸ್ ಮ್ಯಾಲೆ ಮುಗದೀತು.”

“ಆ ಇಪ್ಪತ್ತ ಮಿನಿಟಿನಾಗ ಸೀಡಿಗೆ ಬರೀಬೇಕಲ್ರಿ ಅಣ್ಣಾರ. ಬರಿಯಾಕs ಹದಿನೈದು ಬೇಕು. ಬರಿಯೂ ಮೊದಲ ಕರೆಂಟ್ ಹೋದ್ರ ಮತ್ತ ಮೊದಲಿಂದ ಬೇಯಬೇಕು,” ಎಂದಳು ಶೈಲಾ.

ದಸ್ತಗೀರ ಲೆಕ್ಕ ಹಾಕಿದ. ಗಡ್ಡ ಕೆರೆದುಕೊಂಡ. “ಹಂಗಾರ ಎರಡ ತುಂಡ ಮಾಡ್ರಿ,” ಎಂದ. ನಾನು ಅವನನ್ನು ನೋಡಿದ ನೋಟಕ್ಕೆ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ನೇಸರಗಿಯಲ್ಲಿ ಯಾರದೋ ಟೀವಿ ಕೆಟ್ಟಿತ್ತು. ಹೊರಡುವಾಗ ಇನ್ನೊಮ್ಮೆ ಹೇಳಿ ಹೋದ: “ಮುಟ್ಟಬ್ಯಾಡ್ರಿ ಆಯಿ.”

ಹನ್ನೊಂದಕ್ಕೆ ನಳ ಬಂತು. ಶೈಲಾ ಕೊಡ ತೆಗೆದುಕೊಂಡು ಓಡಿದಳು. ಕೋಣೆಯಲ್ಲಿ ನಾನು ಮತ್ತು ಕಂಪ್ಯೂಟರು ಇಬ್ಬರೇ ಉಳಿದೆವು.

ಮೂರು ಮೂರು ಏರಿಸುವುದು ನನಗೆ ಹೇಡಿತನವಾಗಿ ಕಂಡಿತ್ತು. ಗಿರಣಿಯಲ್ಲಿ ಸಣ್ಣ ಪುಲ್ಲಿ ತೆಗೆದರೆ ದೊಡ್ಡದನ್ನು ಹಾಕುತ್ತೇವೆ. ನಡುವೆ ಅರ್ಧ ಪುಲ್ಲಿ, ಪಾವು ಪುಲ್ಲಿ ಎಂದೆಲ್ಲ ಇಲ್ಲ. ಗುಂಡಿ ಟಕ ಟಕ ಒತ್ತಿದೆ. ನೀಲಿ ಪರದೆ ಬಂತು. ನೂರಾ ಮೂವತ್ತು ಮಾಡಿದೆ. ದಸ್ತಗೀರ ಕೊನೆಗೆ ಒತ್ತುತ್ತಿದ್ದ ಗುಂಡಿಯನ್ನು ಒತ್ತಿದೆ.

ಪರದೆ ಕಪ್ಪಾಯಿತು. ಮತ್ತೆ ಬೆಳಗಲಿಲ್ಲ.

ಶೈಲಾ ಕೊಡ ಇಳಿಸಿ ಬಂದಳು.

“ಅತ್ತೀ, ಕಂಪ್ಯೂಟರ ಯಾಕ ಕರ್ರಗ ಆಗೇತ್ರಿ?”

“ಕರೆಂಟ ಹೋಗಿರಬೇಕ ನೋಡು.”

ಅವಳು ತಲೆಯೆತ್ತಿ ಮೇಲೆ ನೋಡಿದಳು. ನಾನೂ ನೋಡಿದೆ. ಫ್ಯಾನು ನನಗೆ ಯಾವ ಮರ್ಯಾದೆಯನ್ನೂ ಕೊಡದೆ ಗರಗರ ತಿರುಗುತ್ತಿತ್ತು!

ದಸ್ತಗೀರ ಸಂಜೆ ನಾಲ್ಕಕ್ಕೆ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎಷ್ಟಕ್ಕ ಇಟ್ಟಿದ್ರಿ?” ಎಂದಷ್ಟೇ ಕೇಳಿದ. ಹೇಳಿದೆ. ಆಮೇಲೆ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಒಳಗೆ ರೂಪಾಯಿ ಬಿಲ್ಲೆಯಂಥ ಒಂದು ಸೆಲ್ಲು ಇರುತ್ತದೆ. ಅದನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಕಂಪ್ಯೂಟರು ಹಿಂದಿನದೆಲ್ಲ ಮರೆತು ಹುಟ್ಟಿದಾಗಿನಂತೆ ಆಗುತ್ತದೆ. ಇಂಥದೊಂದು ಸೆಲ್ಲು ಮನುಷ್ಯರಿಗೂ ಇದ್ದಿದ್ದರೆ ನಾನು ಮೊದಲು ಶೈಲಾಳದನ್ನು ತೆಗೆಯುತ್ತಿದ್ದೆ.

ಆದರೆ ತಗಡು ಬಿಚ್ಚಿದ ಕೂಡಲೇ ಮೂವರೂ ಸೀನತೊಡಗಿದೆವು. ಒಳಗೆಲ್ಲ ಹಿಟ್ಟು! ಗೋಡೆಯ ಆಚೆ ನನ್ನ ಗಿರಣಿ. ವರ್ಷಗಟ್ಟಲೆ ಜೋಳ, ಗೋಧಿ, ಖಾರದ ಪುಡಿ ಎಲ್ಲ ಹಾರಿ ಬಂದು ಚಿಪ್ಪಿನ ಮೇಲಿನ ಸಣ್ಣ ಫ್ಯಾನಿನಲ್ಲಿ ಮೆತ್ತಿಕೊಂಡಿತ್ತು.

“ಆಯಿ, ಹಾ... ಹಾಕ್ಷೀ! ಇದರಾಗ ನಾಕ ರೊಟ್ಟಿ ಆಗೂವಷ್ಟ ಹಿಟ್ಟ ಐತ್ರಿ,” ಎಂದ ದಸ್ತಗೀರ ಕಣ್ಣೊರೆಸಿಕೊಳ್ಳುತ್ತ. “ಅದಕ್ಕs ಇಷ್ಟ ಬಿಸಿ ಆಗೂದು. ನಾಳೆ ಮುಂಜಾನೆ ಬ್ಲೋವರ್ ತಂದು ಊದತೇನಿ. ನೀವು ಮಾತ್ರ...”

“ಮುಟ್ಟಂಗಿಲ್ಲೋ ಮಾರಾಯಾ!”

ಮುಟ್ಟಿದೆ. ಹೇಗೆ ಬಿಡಲಿ? ಮೂವತ್ತೈದು ವರ್ಷ ಹಿಟ್ಟಿನಲ್ಲಿ ಬಾಳಿದವಳ ಮನೆಗೆ ಹಿಟ್ಟು ಝಾಡಿಸಲು ಹೊರಗಿನಿಂದ ಜನ ಬರಬೇಕೇ? ಇನ್ನೂ ಹೊತ್ತು ಮುಳುಗಿರಲಿಲ್ಲ. ಶೈಲಾ ಸಂತೆಗೆ ಹೋಗಿದ್ದಳು. ಕುಂಚದಿಂದ ಹಿಟ್ಟು ಝಾಡಿಸಿದೆ. ಫ್ಯಾನಿನ ಕೊಂಡಿ ಎಬ್ಬಿಸಿದೆ. ಫ್ಯಾನು, ಅದರ ಕೆಳಗಿನ ಲೋಹದ ತುಂಡು ಎರಡೂ ಕೈಗೆ ಬಂದವು. ನೋಡಿದರೆ ಆ ತುಂಡಿನ ತಳ ತಾಮ್ರ! ಅದರ ಮೇಲೆ ಬೂದು ಬಣ್ಣದ ಮೇಣದಂಥ ಕೊಳೆ. ಕೆಳಗಿನ ಚಿಪ್ಪಿನ ಮೇಲೂ ಅದೇ ಕೊಳೆ.

ತಾಮ್ರದ ಮೇಲೆ ಕೊಳೆ ಕಂಡರೆ ನಮ್ಮ ಕಡೆಯ ಹೆಣ್ಣುಮಕ್ಕಳ ಕೈ ತಾನಾಗಿಯೇ ಹುಣಸೆಹಣ್ಣಿನ ಡಬ್ಬಿಗೆ ಹೋಗುತ್ತದೆ. ಇದರಲ್ಲಿ ನನ್ನದೇನೂ ತಪ್ಪಿಲ್ಲ. ಚಿಪ್ಪಿನ ಮೇಲಿನದನ್ನು ಹಳೆಯ ಸೀರೆಯ ಚೂರಿನಿಂದ ಒರೆಸಿ ತೆಗೆದೆ. ತಾಮ್ರದ ತಳಕ್ಕೆ ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ತಿಕ್ಕಿದೆ. ತೊಳೆದೆ. ಬಿಸಿಲಿಗೆ ಇಟ್ಟೆ. ದೇವರ ಮನೆಯ ತಂಬಿಗೆಯೂ ಅಷ್ಟು ಹೊಳೆದದ್ದಿಲ್ಲ. ಅದರಲ್ಲಿ ಮುಖ ನೋಡಿಕೊಂಡು, ಕೊಂಡಿ ಒತ್ತಿ ಮತ್ತೆ ಕೂಡಿಸಿದೆ.

ಬುಧವಾರ ಬೆಳಿಗ್ಗೆ ದಸ್ತಗೀರ ಬ್ಲೋವರ್ ತಂದ. ಒಳಗೆ ಹಿಟ್ಟಿನ ಒಂದು ಕಣ ಇಲ್ಲ. ಅವನ ಮುಖದಲ್ಲಿ ಮೆಚ್ಚುಗೆ ಬಂತು. ನನ್ನ ಮುಖದಲ್ಲಿ ಏನು ಬಂತೋ, ನಾನು ಹೇಳುವುದಿಲ್ಲ. ಕಂಪ್ಯೂಟರು ಹಚ್ಚಿದ.

ಒಂದು ನಿಮಿಷ ಓಡಿ ಸತ್ತಿತು.

ಮತ್ತೆ ಹಚ್ಚಿದ. ಮತ್ತೆ ಸತ್ತಿತು. ಮೂರನೆಯ ಸಲ ನೀಲಿ ಪರದೆಯಲ್ಲಿ ಬಿಸಿ ನೋಡಿದ. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಹೌಹಾರಿ ತಂತಿಯನ್ನೇ ಕಿತ್ತ.

“ಆಯಿ, ಫ್ಯಾನ ಬಿಚ್ಚಿದ್ರೇನ್ರಿ?”

“ಬಿಚ್ಚದs ಹೆಂಗ ತೊಳೀಲಿ?”

“ತೊಳದ್ರಿ?!”

“ಹುಣಸೀಹಣ್ಣ ಹಚ್ಚಿ. ತಾಮ್ರ ಐತಲ್ಲೋ ಅದು.”

ದಸ್ತಗೀರ ಕುರ್ಚಿಯಲ್ಲಿ ಕುಳಿತುಕೊಂಡ. “ನಡುವ ಒಂದ ಮುಲಾಮು ಇತ್ತಲ್ರಿ. ಬೂದಿ ಬಣ್ಣದ್ದು. ಚಿಪ್ಪಿನ ಬಿಸಿ ಮ್ಯಾಲೆ ಏರಬೇಕಂದ್ರ ಅದು ಬೇಕs ಬೇಕು.”

“ಅದು ಕೊಳೆ ಅಲ್ಲನು?”

ಶೈಲಾ ಸೆರಗು ಬಾಯಿಗೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಅಳಲು ಹೋದಳೋ ನಗಲು ಹೋದಳೋ, ಇವತ್ತಿಗೂ ಹೇಳಿಲ್ಲ.

ಆ ಮುಲಾಮು ದಸ್ತಗೀರನ ಬಳಿ ಮುಗಿದಿತ್ತು. ಬೆಳಗಾವಿಯ ಅಂಗಡಿಗೆ ಫೋನು ಮಾಡಿ, ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಲು ಹೇಳಿದ. ಅವತ್ತಿನ ಆರು ತಾಸು ಹೀಗೆ ಮಣ್ಣು ಮುಕ್ಕಿತು. ಉಳಿದದ್ದು ಗುರುವಾರದ ಬೆಳಗು ಒಂದೇ. ಮೂರು ಗಂಟೆಯ ಬಸ್ಸಿಗೆ ನಾನೇ ಸ್ಟ್ಯಾಂಡಿಗೆ ಹೋಗಿ ಮುಲಾಮು ತಂದೆ. ಸಣ್ಣ ನಳಿಕೆ. ಬೆರಳಿನಷ್ಟೂ ಇಲ್ಲ. ದಸ್ತಗೀರ ನಮಾಜಿಗೆ ಹೋಗಿದ್ದ. ‘ಜೋಳದ ಕಾಳಿನಷ್ಟು ಹಚ್ಚಿದರೆ ಸಾಕು’ ಎಂದು ಅವನು ಬೆಳಿಗ್ಗೆ ಹೇಳಿದ್ದು ನನಗೆ ನೆನಪಿತ್ತು. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಕಾಳಿನ ಲೆಕ್ಕದಲ್ಲಿ ಬಡಿಸಿ ರೂಢಿ ಇಲ್ಲ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಂತೆ ನಳಿಕೆ ಪೂರ್ತಿ ಹಿಂಡಿದೆ. ಮೇಲೆ ಫ್ಯಾನು ಒತ್ತಿದಾಗ ನಾಲ್ಕೂ ಕಡೆಯಿಂದ ಹೊರಗೆ ಬಂತು.

ದಸ್ತಗೀರ ಬಂದು ನೋಡಿದ. ಈಗ ಅವನು ಏನೂ ಕೇಳುವುದನ್ನು ಬಿಟ್ಟಿದ್ದ. ಹತ್ತಿ ತೆಗೆದುಕೊಂಡು ಅರ್ಧ ತಾಸು ಒರೆಸಿದ. ನಳಿಕೆಯ ಮೂಲೆಯಲ್ಲಿ ಉಳಿದಿದ್ದನ್ನು ಗೀರಿ ತೆಗೆದು, ತೆಳ್ಳಗೆ ಹಚ್ಚಿ ಕೂಡಿಸಿದ. ಯುಪಿಎಸ್ಸಿನ ಬ್ಯಾಟರಿಯ ಮೇಲೆ ಹದಿನೈದು ನಿಮಿಷ ಓಡಿಸಿ, ನೂರಾ ಹನ್ನೆರಡಕ್ಕೆ ಇಟ್ಟ.

“ಬಿಸಿ ಐವತ್ತು. ಅಲ್ಲಾನ ದಯಾ. ಶೈಲಾಬಾಯಿ, ನಾಳೆ ಮುಂಜಾನೆ ಎರಡ ತುಂಡ ಮಾಡಿ ಬೇಯಾಕ ಹಚ್ರಿ. ಒಂದ ಸೀಡೀನರ ಮಾಡಿ ಕೊಡ್ರಿ ಅಂವಗ.”

“ಒಂದ ಮಾತು ಹೇಳೇನಿ, ತುಂಡ ಇಲ್ಲ,” ಎಂದೆ ನಾನು.

ಗುರುವಾರ. ಗಿರಣಿ ಶುರುವಾದರೆ ಓಲ್ಟೇಜು ಕುಸಿಯುತ್ತದೆ ಎಂದು ಅವತ್ತು ಗಿರಣಿಗೆ ರಜೆ ಕೊಟ್ಟೆ. ಹೊರಗೆ ಡಬ್ಬಿ ಹಿಡಿದುಕೊಂಡು ಬಂದ ಹೆಂಗಸರು, “ಗಂಗವ್ವಾ, ಇವತ್ತ ರೊಟ್ಟಿ ಬದಲಿ ಏನ ತಿನಬೇಕ?” ಎಂದು ಕೂಗಿದರು. “ಅನ್ನಾ ತಿನ್ರಿ!” ಎಂದು ಒಳಗಿನಿಂದಲೇ ಒದರಿದೆ.

ಆರಕ್ಕೆ ಕರೆಂಟು ಬಂತು. ಶೈಲಾ ಮುಖ ತೊಳೆಯುತ್ತಿದ್ದಳು. ನಾನು ಕಂಪ್ಯೂಟರು ಹಚ್ಚಿ ನೀಲಿ ಪರದೆ ತಂದೆ. ನೂರಾ ಮೂವತ್ತಕ್ಕೆ ಕಪ್ಪಾಗಿತ್ತು. ನೂರಾ ಹನ್ನೆರಡಕ್ಕೆ ಇಟ್ಟರೆ ಕಾಲು ತಾಸು ಸಾಲದು. ನೂರಾ ಇಪ್ಪತ್ತು ಮಾಡಿದೆ. ಹಂತ ಹಂತವಾಗಿ ಏರಿಸಬೇಕು ಎಂದು ದಸ್ತಗೀರ ಹೇಳಿದ್ದ. ನಾನೂ ಹಂತವಾಗಿಯೇ ಏರಿಸಿದೆ. ಒಂದೇ ಹಂತ!

ಪರದೆ ಕಪ್ಪಾಗಲಿಲ್ಲ. ಕಂಪ್ಯೂಟರು ಎದ್ದಿತು. ಶೈಲಾ ಬಂದಾಗ ನಾನು ಊದಿನಕಡ್ಡಿ ಹಚ್ಚುತ್ತಿದ್ದೆ.

“ತುಂಡ ಮಾಡಬ್ಯಾಡ. ಪೂರಾ ಬೇಯಾಕ ಹಚ್ಚು. ಆರ ತಾಸಿನಾಗ ಆಗತೈತಿ.”

ಶೈಲಾ ನನ್ನನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿದಳು. “ಅತ್ತೀ, ಮತ್ತ ಏನಾರ...”

“ಹಚ್ಚಂದ್ರ ಹಚ್ಚು!”

ಹಚ್ಚಿದಳು. ನಾನು ಬೀಸಣಿಕೆ ಹಿಡಿದು ಪಕ್ಕದಲ್ಲಿ ಕುಳಿತೆ. ಎಂಟಾಯಿತು. ಹತ್ತಾಯಿತು. ಕೈ ಬದಲಿಸಿ ಗಾಳಿ ಹಾಕಿದೆ. ಹನ್ನೊಂದೂವರೆಗೆ ಶೈಲಾ, “ಅಕ್ಕಿಕಾಳಿಗೆ ಬಂತ್ರಿ ಅತ್ತೀ!” ಎಂದಳು. ಅವಳ ದನಿಯಲ್ಲೂ ಖುಷಿ ಇತ್ತು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಮುಗಿಯಿತು. ಎಂಟು ನಿಮಿಷ! ನಾನು ಬೀಸಣಿಕೆ ಒಗೆದು ಕೈ ಮುಗಿದೆ. ಸೀಡಿಗೆ ಬರೆಯುವಾಗ ಅರ್ಧದಲ್ಲಿ ಕರೆಂಟು ಹೋಯಿತು. ಹೋಗಲಿ! ಉಳಿದದ್ದನ್ನು ಯುಪಿಎಸ್ಸು ಅತ್ತುಕೊಂಡು ಮುಗಿಸಿತು.

ಹನ್ನೆರಡೂವರೆಗೆ ಮಲ್ಲೇಶ ಟ್ರಂಕಿನ ಸಮೇತ ಬಂದ. ಜೊತೆಗೆ ಹೆಂಡತಿ ರತ್ನಾ. ಸೀಡಿಯನ್ನು ಅವನ ಅಂಗೈಯಲ್ಲಿ ಇಟ್ಟೆ. “ನಾ ಯಾರು?” ಎಂದು ಕೇಳಿದೆ. “ಗಿರಣಿ ಗಂಗವ್ವಾರು,” ಎಂದ. ಅಲ್ಲಿಗೇ ನಿಲ್ಲಿಸಿ ಅವರನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದ್ದರೆ ನಾನು ಈ ಊರಿನಲ್ಲಿ ಇವತ್ತಿಗೂ ತಲೆಯೆತ್ತಿ ನಡೆಯುತ್ತಿದ್ದೆ. ಆದರೆ ನನಗೆ ಮೆರೆಯಬೇಕಿತ್ತು.

“ನಡೀರಿ, ದಸ್ತಗೀರನ ಅಂಗಡ್ಯಾಗ ಬ್ಯಾಟರಿ ಮ್ಯಾಲೆ ಟೀವಿ ನಡೀತೈತಿ. ನೋಡಿಕೊಂಡು ಹೋಗ್ರಿ!”

ಓಣಿಯ ಅರ್ಧ ಜನ ಹಿಂದೆ ಬಂದರು. ಗಿರಣಿ ಬಂದ್ ಆಗಿತ್ತಲ್ಲ, ಅವರಿಗೂ ಬೇರೆ ಕೆಲಸವಿರಲಿಲ್ಲ.

ಮೊದಲು ಕಮಲ, ಚಂದ್ರ ಎಲ್ಲ ಚಂದ ತಿರುಗಿದವು. ದೇವರ ಗುಡಿ ಬಂತು. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಕಾಣಿಸಿತು. ಅದರ ಪಕ್ಕ ಇನ್ನೊಂದು. ಅರಿಷಿಣದ ಹೊತ್ತಿಗೆ ಎಲ್ಲರ ಮುಖವೂ ಚೌಕ ಚೌಕವಾಗಿ ಒಡೆದು, ಬಣ್ಣದ ಚೂರು ಹೊಲಿದ ಕೌದಿಯಂತೆ ಆಯಿತು.

“ಇವರು ನಮ್ಮ ಸೋದರಮಾವ,” ಎಂದಳು ರತ್ನಾ.

“ಅಲ್ಲವಾ, ಅದು ಬ್ಯಾಂಡಿನವರ ಡೋಲು,” ಎಂದರು ಹಿಂದಿನಿಂದ ಯಾರೋ.

ಅಕ್ಕಿಕಾಳು ಬಂತು. ಪರದೆ ತುಂಬ ದೊಡ್ಡ ಹಸಿರು ಚೌಕಗಳು. ಅಂಚಿನಲ್ಲಿ ಒಂದಿಷ್ಟು ಕೆಂಪು. ಮದುಮಗನೂ ಇಲ್ಲ, ಮದುಮಗಳೂ ಇಲ್ಲ.

“ಈ ಹಸರ ಏನ್ರಿ ಆಯಿ?” ಎಂದು ಕೇಳಿದ ಮಲ್ಲೇಶ.

“ಹಂದರದ ತಪ್ಪಲೋ. ಮಾವಿನ ಎಲಿ,” ಎಂದೆ. ಅಂಥ ಹೊತ್ತಿನಲ್ಲೂ ನನ್ನ ದನಿಗೆ ಅನುಮಾನವೆಂಬುದು ಗೊತ್ತಿರಲಿಲ್ಲ.

ದಸ್ತಗೀರ ಟೀವಿಯ ಸಪ್ಪಳ ಸಣ್ಣದು ಮಾಡಿದ. ಮೆಲ್ಲಗೆ ಕೇಳಿದ: “ಎಷ್ಟಕ್ಕ ಇಟ್ಟಿದ್ರಿ ಆಯಿ?”

“ನೀ ಇಟ್ಟಷ್ಟಕ್ಕs.”

“ಆಯಿ.”

“...ಇಪ್ಪತ್ತು.”

ಅವನು ಕಣ್ಣು ಮುಚ್ಚಿದ. “ನಿಂತಿಲ್ಲ ಅಂದ ಮಾತ್ರಕ್ಕ ಎಲ್ಲಾ ಸರಿ ಐತಿ ಅಂತಲ್ರಿ. ಏದುಸಿರ ಬಿಟ್ಕೋತ ಲೆಕ್ಕಾ ಮಾಡಿದ್ರ ಲೆಕ್ಕಾ ತಪ್ಪತೈತಿ. ಅದಕ್ಕs ನಾ ಅರ್ಧ ಅರ್ಧ ತಾಸು ಓಡಿಸಿ ನೋಡಿದ್ದು.”

ಮಲ್ಲೇಶ ಆ ಹಸಿರನ್ನೇ ನೋಡುತ್ತ ನಿಂತಿದ್ದ. ಸಂಜೆ ಆರರವರೆಗೆ ಕರೆಂಟಿಲ್ಲ. ಅವನ ಬಸ್ಸು ನಾಲ್ಕಕ್ಕೆ. ನನಗೆ ಬಾಯಿ ಬರಲಿಲ್ಲ. ಅರವತ್ತೆಂಟು ವರ್ಷದಲ್ಲಿ ಅಂಥ ದಿನ ಬಂದದ್ದು ಅದೊಂದೇ.

ಮಾತಾಡಿದವಳು ರತ್ನಾ. ಮದುವೆಯಾಗಿ ಹದಿನೈದು ದಿನವೂ ಆಗಿರದ ಹುಡುಗಿ, ಅಷ್ಟು ಜನರ ಮುಂದೆ ಗಂಡನಿಗೆ ಹೇಳಿಯೇಬಿಟ್ಟಳು:

“ಅದರಾಗ ಏನ ಹುಡಕತೀರಿ? ನಾ ಇಲ್ಲೇ ನಿಂತೇನಲ್ಲ, ನೋಡ್ರಿ! ಬಸ್ಸಿಗೆ ಇನ್ನೂ ಮೂರ ತಾಸ ಐತಿ.”

ಅಂಗಡಿಯೆಲ್ಲ ನಕ್ಕಿತು. ಮಲ್ಲೇಶ ಕೆಂಪಗಾದ. ಆದರೂ ಆ ಸೀಡಿಯನ್ನು ಒರೆಸಿ ಟ್ರಂಕಿನಲ್ಲಿ ಇಟ್ಟುಕೊಂಡೇ ಹೋದ.

ಮರುದಿನ ಶೈಲಾ ನನ್ನನ್ನು ಕೇಳಲಿಲ್ಲ. ಕ್ಯಾಲೆಂಡರಿನ ಹಿಂದೆ ಬರೆದದ್ದನ್ನು ನೋಡಿ ಅಂಕಿಯನ್ನು ನೂರಕ್ಕೆ ಇಳಿಸಿದಳು. ಶುಕ್ರವಾರ ಅರ್ಧ, ಶನಿವಾರ ಅರ್ಧ, ಮದುವೆಯನ್ನು ಎರಡು ತುಂಡು ಮಾಡಿ ಬೇಯಿಸಿದಳು. ಒಂದು ಚೌಕವಿಲ್ಲ, ಒಂದು ಗೀರಿಲ್ಲ. ಯಾರಿಗೂ ನೆಗಡಿಯೂ ಬರಲಿಲ್ಲ. ಟಪಾಲಿಗೆ ಹಾಕುವ ಮೊದಲು ನಾನು ನೋಡಲೇಬೇಕು ಎಂದು ಹಟ ಹಿಡಿದೆ. ರಾಮದುರ್ಗದ ಮದುವೆ ಮುಗಿಸಿ ಈರಣ್ಣನೂ ಬಂದಿದ್ದ. ಮೂವರೂ ಕುಳಿತೆವು.

ಎಲ್ಲರ ಮುಖವೂ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಸೋದರಮಾವ ಸೋದರಮಾವನೇ ಆಗಿದ್ದ, ಡೋಲು ಡೋಲೇ ಆಗಿತ್ತು. ಅಕ್ಕಿಕಾಳು ಬಂತು. ಆಗ ಪರದೆಗೆ ಅಡ್ಡ ಯಾರೋ ಬಂದು ನಿಂತರು. ಬರೀ ಬೆನ್ನು. ಹಸಿರು ಇಳಕಲ್ಲ ಸೀರೆ, ಕೆಂಪು ಅಂಚು. ಮದುಮಗ, ಮದುಮಗಳು, ಐನೋರು ಎಲ್ಲರನ್ನೂ ಮುಚ್ಚಿ, ಬೀಸುವ ಕಲ್ಲಿನ ಹಾಗೆ ನಿಂತು, ಒಂದು ಮುಷ್ಟಿ, ಎರಡು ಮುಷ್ಟಿ, ಮೂರು ಮುಷ್ಟಿ ಅಕ್ಕಿ ಎರಚುತ್ತಿದ್ದಾಳೆ. ಮುಗಿಯುವುದೇ ಇಲ್ಲ!

ನನಗೆ ಸಿಟ್ಟು ನೆತ್ತಿಗೇರಿತು. “ಯಾವಾಕಿ ಅಕಿ, ಗ್ವಾಡಿ ನಿಂತಂಗ ನಿಂತಾಳ? ಒಂದೀಟರ ಬುದ್ಧಿ ಬ್ಯಾಡನು?”

ಶೈಲಾ ನನ್ನ ಕಡೆ ಹೊರಳಿದಳು. ನಾನು ಉಟ್ಟಿದ್ದ ಸೀರೆಯನ್ನು ನೋಡಿದಳು.

ನಾನೂ ನೋಡಿಕೊಂಡೆ.

“ಮೂರ ಸಲ ಒದರಿದೆ ಬೇ ಯವ್ವಾ, ಸರಕೊಂಡ ನಿಲ್ಲು ಅಂತ,” ಎಂದ ಈರಣ್ಣ. “ನೀ ಇನ್ನೊಂದ ಮುಷ್ಟಿ ಅಕ್ಕಿ ತಗೊಂಡಿ.”

ಎರಡೂ ಸೀಡಿಗಳನ್ನು ಟಪಾಲಿಗೆ ಹಾಕಿದೆವು. ಬೇರೆ ಏನು ಮಾಡುವುದು? ಆ ಭಾಗವನ್ನು ತೆಗೆದರೆ ಅಕ್ಕಿಕಾಳೇ ಇರುವುದಿಲ್ಲ, ಇಟ್ಟರೆ ನನ್ನನ್ನು ಬಿಟ್ಟು ಯಾರೂ ಇರುವುದಿಲ್ಲ. ಪಾಪ, ಕಂಪ್ಯೂಟರಿಗೆ ಸುಮ್ಮನೆ ಬೈದೆ, ಕರೆಂಟಿನವರಿಗೆ ಸುಮ್ಮನೆ ಬೈದೆ. ನೂರಾ ಇಪ್ಪತ್ತಕ್ಕೆ ಏರಿಸಿದರೂ ಅಷ್ಟೇ, ನೂರಕ್ಕೆ ಇಳಿಸಿದರೂ ಅಷ್ಟೇ, ನನ್ನ ಬೆನ್ನಿನ ಅಗಲ ಒಂದು ಬೆರಳೂ ಕಡಿಮೆಯಾಗಲಿಲ್ಲ!